ಈ ಪ್ರಾಯದಲ್ಲಿ ಓಟವಾ?

ನಲ್ವತ್ತು ದಾಟಿದವರು ಓಡಿದರೆ ನಗುವವರು ನಮ್ಮಲ್ಲಿ ಬಹಳ. ಮದುವೆ ಮನೆಯಲ್ಲಿ ಗೀ ರೈಸ್ ಉಂಡು ಶುಗರ್ ಮಾತ್ರೆ ನುಂಗಿದರೆ ಯಾರೂ ನಗುವುದಿಲ್ಲ. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ 2000ರಲ್ಲಿ ಲಂಡನ್ ಮ್ಯಾರಥಾನಿನ 42.195 ಕಿ.ಮೀ. ಓಡಿ ಮುಗಿಸುವಾಗ ಅವರ ಪ್ರಾಯ 89. ನಾವು ನಲ್ವತ್ತೈದಕ್ಕೇ ಮುದುಕರಾಗಬೇಕಾ?

ಹಾಗೆಂದು ಹಠಕ್ಕೆ ಬಿದ್ದು ಓಡಬೇಡಿ. ಮೊದಲು ಡಾಕ್ಟರಲ್ಲಿ ಬಿಪಿ, ಶುಗರ್, ಹಾರ್ಟ್ ತೋರಿಸಿ. ಸುಬ್‌ಹಿ ನಮಾಝ್ ಮುಗಿಸಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆರಂಭಕ್ಕೆ ವಾರದಲ್ಲಿ ಮೂರು ದಿನ ಸಾಕು. ಓಡುತ್ತಾ ಮಾತಾಡಲು ಆಗದಿದ್ದರೆ ವೇಗ ಜಾಸ್ತಿಯಾಯಿತೆಂದು ಲೆಕ್ಕ. ಉಸಿರು ಬೇಗ ಪಳಗುತ್ತದೆ, ಮೊಣಗಂಟಿಗೆ ತಿಂಗಳುಗಳೇ ಬೇಕು. ಎದೆನೋವು ಬಂದರೆ ಅಲ್ಲೇ ನಿಲ್ಲಿಸಿ.

ಮನೆಯ ಹೆಂಗಸರಿಗೂ ದಿನಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಡಿ. ಶುಗರ್ ಗಂಡಸರನ್ನು ಮಾತ್ರ ಹುಡುಕಿಕೊಂಡು ಬರುವುದಿಲ್ಲ.