ಯುದ್ಧ ಗೆದ್ದ ಅಧ್ಯಕ್ಷರು ಚುನಾವಣೆ ಸೋತದ್ದೇಕೆ?

ಅಧಿಕಾರದಲ್ಲಿರುವ ಅಧ್ಯಕ್ಷರೋರ್ವರು ಮರು ಆಯ್ಕೆ ಬಯಸಿ ಕಣಕ್ಕಿಳಿದರೆ ಗೆಲುವು ಅವರದ್ದೇ ಎಂದು ಮೊದಲೇ ಬರೆದಿಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಸರಕಾರಿ ಯಂತ್ರ, ಮಾಧ್ಯಮ, ಖಜಾನೆ ಎಲ್ಲವೂ ಒಂದೇ ಕೈಯಲ್ಲಿರುವಾಗ ಈ ಲೆಕ್ಕಾಚಾರ ಸಹಜ. 2015ರ ಜನವರಿ 8ರಂದು ನೆರೆಯ ಶ್ರೀಲಂಕಾದಲ್ಲಿ ಅದು ತಲೆಕೆಳಗಾಯಿತು.

ಮಹಿಂದ ರಾಜಪಕ್ಸೆ ಸಾಮಾನ್ಯ ಅಭ್ಯರ್ಥಿಯಾಗಿರಲಿಲ್ಲ. ದಶಕಗಳ ಅಂತರ್ಯುದ್ಧವನ್ನು 2009ರ ಮೇ ತಿಂಗಳಲ್ಲಿ ಮುಗಿಸಿದ ಖ್ಯಾತಿ ಅವರದ್ದು. 2010ರಲ್ಲಿ ಶೇ. 57.88 ಮತ ಪಡೆದು ಎರಡನೆಯ ಬಾರಿ ಗೆದ್ದರು. ಅದೇ ವರ್ಷ ಸಂವಿಧಾನದ 18ನೇ ತಿದ್ದುಪಡಿಯ ಮೂಲಕ, ಎರಡೇ ಅವಧಿ ಎಂಬ ಮಿತಿಯನ್ನೂ ಕಿತ್ತುಹಾಕಿದರು. ಅವಧಿ ಇನ್ನೂ ಬಾಕಿಯಿದ್ದಾಗಲೇ, 2014ರ ನವೆಂಬರ್‌ನಲ್ಲಿ, ಜ್ಯೋತಿಷಿಯ ಮಾತಿಗೆ ಓಗೊಟ್ಟು ಚುನಾವಣೆ ಘೋಷಿಸಿದರು. ನಕ್ಷತ್ರಗಳು ಅಕ್ಕಿಬೇಳೆಯ ಧಾರಣೆ ನೋಡುವುದಿಲ್ಲವೇನೋ! ಮರುದಿನವೇ ಅವರದೇ ಆರೋಗ್ಯ ಸಚಿವರೂ ಪಕ್ಷದ ಪ್ರಧಾನ ಕಾರ್ಯದರ್ಶಿಯೂ ಆಗಿದ್ದ ಮೈತ್ರಿಪಾಲ ಸಿರಿಸೇನ ಎದುರಾಳಿಯಾಗಿ ನಿಂತರು. ಹಿಂದಿನ ರಾತ್ರಿಯಷ್ಟೇ ಅವರು ಅಧ್ಯಕ್ಷರೊಂದಿಗೆ ಕುಳಿತು ಅಪ್ಪ ತಿಂದಿದ್ದರೆಂಬ ಮಾತು ಬಳಿಕ ದ್ವೀಪವಿಡೀ ಹರಡಿತು.

ಜನಸಂಖ್ಯೆಯಲ್ಲಿ ಹತ್ತರಲ್ಲೊಂದು ಪಾಲಿನಷ್ಟಿರುವ ಅಲ್ಲಿನ ಮುಸ್ಲಿಮರು 2014ರ ಜೂನ್‌ನಲ್ಲೇ ತೀರ್ಮಾನಿಸಿಯಾಗಿತ್ತು. ಬೋಡು ಬಲ ಸೇನೆಯ ಸಭೆಯ ಬೆನ್ನಿಗೇ ಅಲುತ್ಗಮದಲ್ಲಿ ಮನೆ, ಅಂಗಡಿಗಳು ಉರಿದವು. ಆ ಸಂಘಟನೆಯ ಬಾಯಿಗೆ ಸರಕಾರ ಕಡಿವಾಣ ಹಾಕಲಿಲ್ಲ. ಮುಸ್ಲಿಮ್ ಪಕ್ಷಗಳ ಸಚಿವರು ಮಾತ್ರ ಡಿಸೆಂಬರ್ ಉತ್ತರಾರ್ಧದವರೆಗೂ ಸಂಪುಟದಲ್ಲೇ ಇದ್ದರು. ನಾಯಕರು ಮತದಾರರ ಹಿಂದೆ ನಡೆದ ಚುನಾವಣೆ ಅದು.

ಸಿರಿಸೇನರಿಗೆ ಶೇ. 51.28, ರಾಜಪಕ್ಸೆಯವರಿಗೆ ಶೇ. 47.58 ಮತಗಳು ಬಂದವು. ಅಂತರ ಸುಮಾರು ನಾಲ್ಕೂವರೆ ಲಕ್ಷ. ತಮಿಳರು ಮತ್ತು ಮುಸ್ಲಿಮರೇ ರಾಜಪಕ್ಸೆಯವರನ್ನು ಸೋಲಿಸಿದರೆಂಬ ವ್ಯಾಖ್ಯಾನ ಕೂಡಲೇ ಹುಟ್ಟಿಕೊಂಡಿತು. ಸೋತವರು ಅದನ್ನು ಕಹಿಯಿಂದ ಹೇಳಿದರೆ, ನಮ್ಮಲ್ಲಿ ಹೆಮ್ಮೆಯಿಂದ ಹೇಳುವವರಿದ್ದಾರೆ. ನಾವು ಇದನ್ನು ಒಪ್ಪಲಾರೆವು. 2010ರಲ್ಲೂ ಉತ್ತರ ಮತ್ತು ಪೂರ್ವದ ಜಿಲ್ಲೆಗಳು ರಾಜಪಕ್ಸೆಯವರ ವಿರುದ್ಧವೇ ನಿಂತಿದ್ದವು. ಅವರು ನಿರಾಯಾಸವಾಗಿ ಗೆದ್ದರು. 2019ರಲ್ಲೂ ಆ ಜಿಲ್ಲೆಗಳು ಸಜಿತ್ ಪ್ರೇಮದಾಸರ ಕಡೆಗಿದ್ದವು. ಮಹಿಂದರ ತಮ್ಮ ಗೋಟಬಯ ಶೇ. 52.25 ಮತಗಳಿಂದ ಅಧ್ಯಕ್ಷರಾದರು. ಅಲ್ಪಸಂಖ್ಯಾತರ ಮತ ಮೂರು ಸಲವೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬಿದ್ದಿತ್ತು. 2015ರಲ್ಲಿ ಬದಲಾದದ್ದು ಸಿಂಹಳೀಯರ ಒಂದು ಪಾಲು. ಕುಟುಂಬ ರಾಜಕಾರಣ, ಭ್ರಷ್ಟಾಚಾರ, ಬೆಲೆಯೇರಿಕೆಗಳಿಂದ ಬೇಸತ್ತ ಅವರು ಯುದ್ಧದ ಗೆಲುವನ್ನು ಮರೆಯದೆಯೇ ಮತ ಬದಲಿಸಿದರು. 2010ರಲ್ಲಿ ರಾಜಪಕ್ಸೆಯವರ ಜೊತೆಗಿದ್ದ ಪೊಲೊನ್ನರುವ ಈ ಬಾರಿ ತನ್ನ ಮಗ ಸಿರಿಸೇನರ ಕೈ ಹಿಡಿಯಿತು.

ಗೆಲ್ಲಿಸಿದವರಿಗೆ ಸಿರಿಸೇನರಿಂದ ಸಿಕ್ಕಿದ್ದೇನು? ಅವರ ಆಡಳಿತದಲ್ಲೇ, 2018ರ ಮಾರ್ಚ್‌ನಲ್ಲಿ, ದಿಗಣದಲ್ಲಿ ಮುಸ್ಲಿಮರ ಅಂಗಡಿಗಳು ಮತ್ತೆ ಉರಿದವು. 2019ರಲ್ಲಿ ಮರು ಆಯ್ಕೆ ಬಯಸುವ ಧೈರ್ಯವೂ ಅವರಿಗೆ ಉಳಿದಿರಲಿಲ್ಲ. ಅವರ ಬಳಿಕ ಬಂದ ಗೋಟಬಯ, ಕೋವಿಡ್‌ನಿಂದ ಮೃತಪಟ್ಟ ಮುಸ್ಲಿಮರ ಮಯ್ಯಿತ್‌ಗಳನ್ನೂ ಸುಡಿಸಿದ ಸರಕಾರದ ಮುಖ್ಯಸ್ಥರು. ಮರು ಆಯ್ಕೆಯ ಪ್ರಶ್ನೆ ಏಳುವ ಮೊದಲೇ, 2022ರ ಜುಲೈಯಲ್ಲಿ, ಅವರು ದೇಶ ಬಿಟ್ಟು ಓಡಿದರು. ಓಡಿಸಿದವರಲ್ಲಿ ಅವರಿಗೇ ಮತ ಹಾಕಿದ್ದ ಸಿಂಹಳೀಯರೂ ಇದ್ದರು. ಅದೇ ವರ್ಷದ ರಮಝಾನ್‌ನಲ್ಲಿ, ಕೊಲಂಬೊದ ಗಾಲ್ ಫೇಸ್ ಮೈದಾನದ ಪ್ರತಿಭಟನಾ ಡೇರೆಗಳ ನಡುವೆ ಉಪವಾಸಿಗರು ಇಫ್ತಾರ್‌ಗೆ ಕುಳಿತಾಗ, ಬೌದ್ಧರೂ ಕ್ರೈಸ್ತರೂ ಅವರ ಪಕ್ಕದಲ್ಲೇ ಕುಳಿತಿದ್ದರು.