ಹೊಸ ಗನ್ ಕೊಳ್ಳುವ ಮೊದಲು

ಸಹೋದರಿಯರೇ, ಒಮಾನ್‌ನಲ್ಲಿ ದುಡಿಯುವ ನಿಮ್ಮ ಮಗ ಶುಕ್ರವಾರದ ರಜೆಯಲ್ಲಿ ಸಮುದ್ರಕ್ಕಿಳಿದು, ಈಟಿ ಗನ್ನಿನಿಂದ ಹೊಡೆದ ಹಮ್ಮೂರ್ ಮೀನಿನ ಫೋಟೋ ಕಳುಹಿಸಿದರೆ ನಿಮಗೂ ಖುಷಿಯೇ. ಕೆಲವು ತಿಂಗಳ ಬಳಿಕ, "ಉಮ್ಮಾ, ಈ ಗನ್ ಸಾಲದು. ಇನ್ನೂ ಉದ್ದದ್ದೊಂದು ತೆಗೆದುಕೊಳ್ಳುತ್ತೇನೆ" ಎಂಬ ಮಾತು ಬರುತ್ತದೆ. ಆಗ ಗದರಬೇಡಿ, ಕೂಡಲೇ ಒಪ್ಪಿಬಿಡಲೂಬೇಡಿ. ನಾಲ್ಕು ಪ್ರಶ್ನೆ ಕೇಳಿ.

ಮೊದಲನೆಯದು, ಅಲ್ಲಿನ ನೀರು ಎಷ್ಟು ತಿಳಿಯಾಗಿದೆ? ಕಲಕಿದ ನೀರಿನಲ್ಲಿ, ಬಂಡೆಯ ಸಂದಿಗಳಲ್ಲಿ 75 ಸೆಂಟಿಮೀಟರ್ ಆಸುಪಾಸಿನ ಗಿಡ್ಡ ಗನ್ನೇ ಅನುಕೂಲ. ದೂರದ ಮೀನು ಕಾಣುವಷ್ಟು ತಿಳಿ ನೀರಿದ್ದರೆ 90ರಿಂದ 110 ಸೆಂಟಿಮೀಟರಿನದು ಉಪಯೋಗಕ್ಕೆ ಬರುತ್ತದೆ. ಮೀನೇ ಕಾಣದ ಕಡೆ ಉದ್ದದ ಗನ್ ಕೈಗೆ ಭಾರ, ಜೇಬಿಗೂ ಭಾರ.

ಎರಡನೆಯದು, ಹಳೆಯ ಗನ್ನಿನ ರಬ್ಬರ್ ಬದಲಿಸಿದ್ದು ಯಾವಾಗ? ಈಟಿಯನ್ನು ಚಿಮ್ಮಿಸುವುದು ಈ ರಬ್ಬರೇ. ಬಿಸಿಲು, ಉಪ್ಪುನೀರಿಗೆ ಅದು ಬಿರುಕು ಬಿಟ್ಟು ಶಕ್ತಿ ಕಳೆದುಕೊಳ್ಳುತ್ತದೆ. ರಬ್ಬರ್ ಹೊಸತು ಹಾಕಿ, ಬಾಗಿದ ಈಟಿ ಬದಲಿಸಿ, ತುದಿ ಚೂಪು ಮಾಡಿ, ಸವೆದ ದಾರ ತೆಗೆದರೆ ಹಳೆಯ ಗನ್ನೇ ಹೊಸದರಂತೆ ಕೆಲಸ ಮಾಡೀತು. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಲು ಹೇಳಿ.

ಮೂರನೆಯದು, ಉಳಿದ ಸಾಮಾನು ಇದೆಯೇ? ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಕಾಲಿಗೆ ಹೊಂದುವ ಉದ್ದದ ಫಿನ್, ಒಂದೇ ಕೈಯಲ್ಲಿ ಕಳಚಬಹುದಾದ ತೂಕದ ಬೆಲ್ಟ್, ದಾರ ಸಿಕ್ಕಿಕೊಂಡರೆ ಕೊಯ್ಯಲು ಚಾಕು, ದೋಣಿಯವರಿಗೆ ಕಾಣುವಂತೆ ಬಾವುಟವಿರುವ ಫ್ಲೋಟ್. ಇವುಗಳಲ್ಲಿ ಒಂದು ಕಡಿಮೆಯಿದ್ದರೂ ಹಣ ಮೊದಲು ಅದಕ್ಕೆ ಹೋಗಲಿ. ಬೆಲ್ಟ್ ಬಿಚ್ಚಲಾಗದೆ ನೀರಿನಡಿ ಸಿಕ್ಕಿದವನಿಗೆ ದುಬಾರಿ ಗನ್ ಏನೂ ಮಾಡಲಾರದು.

ನಾಲ್ಕನೆಯ ಪ್ರಶ್ನೆಗೆ ದುಡ್ಡು ಬೇಕಿಲ್ಲ. ಜೊತೆಗೆ ಯಾರು ಇರುತ್ತಾರೆ? ಈ ಬೇಟೆಯಲ್ಲಿ ಸಿಲಿಂಡರ್ ಇಲ್ಲ, ಉಸಿರು ಬಿಗಿಹಿಡಿದೇ ಇಳಿಯಬೇಕು. ಹೆಚ್ಚು ಹೊತ್ತು ಇರಲೆಂದು ಕೆಲವರು ಮುಳುಗುವ ಮುನ್ನ ಬೇಗ ಬೇಗ ಆಳವಾಗಿ ಉಸಿರಾಡುತ್ತಾರೆ. ಇದರಿಂದ ದೇಹದ ಇಂಗಾಲದ ಡೈಆಕ್ಸೈಡ್ ಇಳಿದು, 'ಉಸಿರು ಬೇಕು' ಎಂಬ ಎಚ್ಚರಿಕೆಯೇ ತಡವಾಗುತ್ತದೆ. ಆಮ್ಲಜನಕ ತೀರುತ್ತಿರುವುದು ತಿಳಿಯುವುದಿಲ್ಲ. ಮೇಲೆ ಬರುವಾಗ, ದಡ ಕಾಣುವಷ್ಟು ಹತ್ತಿರದಲ್ಲಿ, ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತದೆ. ಚೆನ್ನಾಗಿ ಈಜು ಬಲ್ಲವರೂ ಹೀಗೆ ಹೋಗಿದ್ದಾರೆ. ಆದ್ದರಿಂದ ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿದ್ದು ನೋಡುತ್ತಿರಬೇಕು. ಗೆಳೆಯ ಮೇಲೆ ಬಂದ ಮೇಲೂ ಅರ್ಧ ನಿಮಿಷ ಅವನ ಮೇಲಿಂದ ಕಣ್ಣು ತೆಗೆಯಬಾರದು.

ಗನ್ನಿಗೆ ರಬ್ಬರ್ ಎಳೆದು ಸಿದ್ಧಮಾಡುವುದು ನೀರಿನೊಳಗೆ ಮಾತ್ರ, ದಡಕ್ಕೆ ಬರುವ ಮೊದಲು ಸಡಿಲಿಸಬೇಕು. ಆ ದೇಶದ ಪರವಾನಿಗೆಯ ನಿಯಮಗಳನ್ನೂ ವಿಚಾರಿಸಿಕೊಳ್ಳಲಿ. ಮಸ್ಕತ್ ಸಮೀಪದ ದೈಮಾನಿಯತ್ ದ್ವೀಪಗಳು 1996ರಿಂದಲೇ ಸಂರಕ್ಷಿತ ಪ್ರದೇಶ. ರಜೆಗೆ ಊರಿಗೆ ಬರುವಾಗ ಗನ್ನನ್ನು ವಿಮಾನದ ಕೈಚೀಲದಲ್ಲಿ ತರಲು ಬಿಡುವುದಿಲ್ಲ ಎಂಬುದೂ ನೆನಪಿರಲಿ.

ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಹೊಸ ಗನ್ನಿಗೆ ಸಂತೋಷದಿಂದ ಒಪ್ಪಿಗೆ ಕೊಡಿ. "ಒಬ್ಬನೇ ಹೋಗುತ್ತೇನೆ ಉಮ್ಮಾ, ಹತ್ತಿರವೇ ತಾನೇ" ಎಂದರೆ ಮಾತ್ರ, ಆ ಶುಕ್ರವಾರ ಮಾರುಕಟ್ಟೆಯಿಂದಲೇ ಮೀನು ತರಲು ಹೇಳಿ.