ಸಿಕ್ಕ ಗಾಡಿಯನ್ನು ಸ್ಟೇಷನ್ ಅಂಗಳದಲ್ಲಿ ಕೊಳೆಯಲು ಬಿಡಬೇಡಿ



ಕಳುವಾಗಿದ್ದ ನನ್ನ ಸ್ಪ್ಲೆಂಡರ್ ಮತ್ತೆ ರಸ್ತೆಗಿಳಿದಿದೆ. ಮೊನ್ನೆ ಫೋಟೊ ಹಾಕಿದಾಗ ‘ಎಷ್ಟಾಯ್ತು, ಎಲ್ಲಿ ಮಾಡಿಸಿದ್ರಿ’ ಅಂತ ತುಂಬ ಜನ ಕೇಳಿದ್ರಿ. ಮುಕ್ಕಾಲು ಕೆಲಸ ನಾನೇ ಮಾಡ್ಕೊಂಡೆ. 5,930 ರೂಪಾಯಿ ಆಯ್ತು. ಲೆಕ್ಕ ಕೆಳಗೆ ಕೊಟ್ಟಿದ್ದೀನಿ. ಅದಕ್ಕೆ ಮೊದಲು ಒಂದು ಮಾತು.

ಗಾಡಿ ಕಳ್ಳನ ಹತ್ತಿರ ಇದ್ದದ್ದು ಒಂದೂವರೆ ತಿಂಗಳು. ಸ್ಟೇಷನ್ ಅಂಗಳದಲ್ಲಿ ಬಿದ್ದಿದ್ದು ನಾಲ್ಕು ತಿಂಗಳು. ಹೆಚ್ಚು ಹಾಳಾಗಿದ್ದು ಎಲ್ಲಿ ಅಂದರೆ ಅಂಗಳದಲ್ಲೇ. ಕಳ್ಳ ಲಾಕ್ ಮುರಿದು ವೈರು ಕತ್ತರಿಸಿದ್ದ, ಅಷ್ಟೇ. ಟ್ಯಾಂಕಿಗೆ ನೀರು ಇಳಿದದ್ದು, ಟೈರು ಬಿರಿದದ್ದು, ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿದ್ದು, ಬ್ಯಾಟರಿ ಸತ್ತದ್ದು ಎಲ್ಲಾ ಬಿಸಿಲು ಮಳೆಗೆ ನಿಂತೇ.

ತಪ್ಪು ನನ್ನದೂ ಇದೆ. ‘ಗಾಡಿ ಸಿಕ್ಕಿದೆ’ ಅಂತ ಫೋನ್ ಬಂದಾಗ ಓಡಿಹೋದೆ. ‘ಕೇಸ್ ಮುಗೀಲಿ, ಆಮೇಲೆ ನೋಡೋಣ’ ಅಂದ್ರು. ಆಫೀಸಲ್ಲಿ ದಿನಾ ಫೈಲು ತಿರುವಿ ಹಾಕೋ ನಾನೂ ತಲೆ ಆಡಿಸಿ ವಾಪಸ್ ಬಂದೆ. ಆ ನಡುವೆ ಒಂದು ರಾತ್ರಿ ಒಂಬತ್ತಕ್ಕೆ ಒಂದು ಊರಿನ ಕೇರಿಯಿಂದ ಫೋನ್ ಬಂತು, ಹುಡುಗನಿಗೆ ಹೊಡೆದಿದ್ದಾರೆ, ದೂರು ಕೊಡಕ್ಕೆ ಜೊತೆಗೆ ಬನ್ನಿ ಅಂತ. ಆ ಊರಿಗೆ ಕೊನೆ ಬಸ್ಸು ಏಳೂವರೆಗೆ. ಬೇರೆಯವರ ಗಾಡಿ ಕೇಳಿ, ಸಿಗದೆ, ನಾನು ಹೋಗಿದ್ದು ಮಾರನೇ ದಿನ ಬೆಳಿಗ್ಗೆ. ಅಷ್ಟರಲ್ಲಿ ‘ರಾಜಿ’ ಮುಗಿದಿತ್ತು. ಹಳೇ ಗಾಡಿಗೆ ಯಾಕಿಷ್ಟು ಒದ್ದಾಟ ಅಂತ ಕೇಳೋರಿಗೆ ನನ್ನ ಉತ್ತರ ಇದೇ.

ಆಮೇಲೆ ಎಚ್ಚೆತ್ತುಕೊಂಡೆ. ಕೇಸ್ ಮುಗಿಯೋವರೆಗೆ ಕಾಯಬೇಕಿಲ್ಲ. ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಂಡು ಪ್ರಯೋಜನವಿಲ್ಲ, ಬಾಂಡ್ ಮತ್ತು ಭದ್ರತೆ ಪಡೆದು ಬಿಡುಗಡೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 497 ಮತ್ತು 503ನೇ ಕಲಂ. ಹಳೇ ಸಿಆರ್‌ಪಿಸಿಯಲ್ಲಿ 451, 457 ಇದ್ದದ್ದೇ ಇವು. ಆರ್‌ಸಿ, ಆಧಾರ್, ಎಫ್‌ಐಆರ್ ಪ್ರತಿ ಇಟ್ಟು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಎಸ್‌ಸಿ, ಎಸ್‌ಟಿ ಜನಕ್ಕೆ ಉಚಿತ ಕಾನೂನು ನೆರವು ಹಕ್ಕು, ಅದಕ್ಕೆ ಆದಾಯದ ಮಿತಿಯೂ ಇಲ್ಲ. ನಿಮ್ಮ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ.

ಸ್ಟೇಷನ್‌ನಲ್ಲಿ ಮೊದಲ ದಿನ ‘ಏನಯ್ಯಾ’ ಅಂದವರೇ ಕಲಂ ನಂಬರ್ ಹೇಳಿದ ದಿನ ‘ಕೂತ್ಕೊಳಿ’ ಅಂದ್ರು.

ಗಾಡಿ ಕೈಗೆ ಬಂದ ಮೇಲೆ ಮಾಡಬೇಕಾದ್ದು:

1. ಬಿಚ್ಚೋಕೆ ಮುಂಚೆ ನಾಲ್ಕೂ ಕಡೆಯಿಂದ ಫೋಟೊ ತೆಗೀರಿ. ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿ ಜೊತೆ ತಾಳೆ ನೋಡಿ. ಕೋರ್ಟ್ ಆದೇಶದ ಷರತ್ತು ಪೂರ್ತಿ ಓದಿ. ಮಾರಬಾರದು, ರೂಪ ಬದಲಿಸಬಾರದು, ಕರೆದಾಗ ಹಾಜರುಪಡಿಸಬೇಕು ಅಂತ ಸಾಮಾನ್ಯವಾಗಿ ಇರುತ್ತೆ. ಬಣ್ಣ ಬದಲಾಯಿಸಕ್ಕೆ ಹೋಗಬೇಡಿ. ಮುರಿದ ಲಾಕ್ ಬಿಸಾಡಬೇಡಿ, ಅದು ಸಾಕ್ಷ್ಯ. ನಾನು ಕವರಲ್ಲಿ ಕಟ್ಟಿಟ್ಟಿದ್ದೀನಿ.

2. ಸಂತೋಷಕ್ಕೆ ಕಿಕ್ ಹೊಡೀಬೇಡಿ. ಮೊದಲು ಹಳೇ ಪೆಟ್ರೋಲ್ ಬಾಟಲಿಗೆ ಇಳಿಸಿ. ನನ್ನ ಟ್ಯಾಂಕಿನಲ್ಲಿ ತಳಕ್ಕೆ ನೀರು ಕೂತಿತ್ತು. ಹತ್ತಿರ ಬೀಡಿ, ಬೆಂಕಿ ಬೇಡ, ಚರಂಡಿಗೂ ಸುರೀಬೇಡಿ. ಆಮೇಲೆ ಇಂಜಿನ್ ಆಯಿಲ್ ಇಳಿಸಿ. ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ ಅಂತ ಅರ್ಥ. ಪ್ಲಗ್ ಬಿಚ್ಚಿ ಒಳಕ್ಕೆ ಒಂದು ಚಮಚ ಆಯಿಲ್ ಬಿಟ್ಟು, ಪ್ಲಗ್ ಇಲ್ಲದೇ ನಿಧಾನಕ್ಕೆ ಕಿಕ್ ತುಳಿದು ನೋಡಿ. ಆಡಿದರೆ ಅರ್ಧ ಗೆದ್ದ ಹಾಗೆ.

3. ಕಾರ್ಬೊರೇಟರ್ ಬಿಚ್ಚುವಾಗ ಪ್ರತಿ ಹೆಜ್ಜೆಗೂ ಫೋನಲ್ಲಿ ಫೋಟೊ ಹೊಡ್ಕೊಳಿ, ಜೋಡಿಸುವಾಗ ಅದೇ ಗುರು. ಜೆಟ್ ತೂತಿಗೆ ಪಿನ್ನು ಚುಚ್ಚಬೇಡಿ, ತೂತು ದೊಡ್ಡದಾದರೆ ಮೈಲೇಜ್ ಹೋಯ್ತು. ಗಾಳಿ ಹೊಡೆಸಿ.

4. ವೈರಿಂಗ್ ಮುಟ್ಟೋ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಕತ್ತರಿಸಿದ ವೈರನ್ನು ಸುಮ್ಮನೆ ತಿರುಚಿ ಟೇಪ್ ಸುತ್ತಿದರೆ ಮಳೆಗಾಲದಲ್ಲಿ ಶಾರ್ಟ್ ಆಗುತ್ತೆ. ಬಣ್ಣಕ್ಕೆ ಬಣ್ಣ ಸೇರಿಸಿ ಬೆಸುಗೆ ಹಾಕಿ. ಫ್ಯೂಸ್ ಜಾಗಕ್ಕೆ ತಾಮ್ರದ ತಂತಿ ಸುತ್ತಬೇಡಿ.

5. ಬ್ರೇಕ್, ಟೈರಲ್ಲಿ ಉಳಿತಾಯ ಬೇಡ. ಬ್ರೇಕ್ ಶೂ ನಾನೇ ಹಾಕಿದೆ, ಆದರೆ ಗ್ಯಾರೇಜ್ ಭಾಯ್ ನೋಡಿ ಸರಿ ಅಂದ ಮೇಲೇ ಓಡಿಸಿದೆ. ಹೊಗೆ ತಪಾಸಣೆ, ಇನ್ಶೂರೆನ್ಸ್ ಎರಡೂ ಅಂಗಳದಲ್ಲಿದ್ದಾಗಲೇ ಮುಗಿದಿರುತ್ತೆ, ರಸ್ತೆಗಿಳಿಸೋಕೆ ಮುಂಚೆ ಮಾಡಿಸಿ. ಕಳುವಿನ ಕ್ಲೇಮ್ ಹಣ ಆಗಲೇ ಪಡೆದಿದ್ರೆ ಗಾಡಿ ಮುಟ್ಟೋ ಮೊದಲು ಕಂಪನಿಗೆ ತಿಳಿಸಿ.

ಲೆಕ್ಕ: ಲಾಕ್ ಸೆಟ್ 650, ಬ್ಯಾಟರಿ 1,050, ಆಯಿಲ್ 400, ಪ್ಲಗ್ 110, ಏರ್ ಫಿಲ್ಟರ್ 160, ಪೆಟ್ರೋಲ್ ಪೈಪ್ ಮತ್ತು ಕಾರ್ಬೊರೇಟರ್ ಕಿಟ್ 280, ಎರಡು ಸೆಟ್ ಬ್ರೇಕ್ ಶೂ 440, ಹಿಂದಿನ ಟೈರು ಟ್ಯೂಬ್ 1,950, ಕನ್ನಡಿ 240, ಸೀಟಿನ ರೆಕ್ಸಿನ್ ಮತ್ತು ದಾರ 150, ಭಾಯ್ ಕೂಲಿ 500. ಇನ್ಶೂರೆನ್ಸ್ ಇದರಲ್ಲಿ ಸೇರಿಲ್ಲ. ಮೊದಲು ಕೇಳಿದ ಶೋರೂಮಿನಲ್ಲಿ 14,000 ಹೇಳಿ, ‘ಗುಜರಿಗೆ ಹಾಕ್ಬಿಡಿ ಸಾರ್’ ಅಂದಿದ್ರು. ಭಾಯ್ 300 ಸಾಕು ಅಂದ್ರು, ನಾನು 500 ಕೊಟ್ಟೆ. ಕಲಿಸಿದ್ದಕ್ಕೂ ಕೂಲಿ ಉಂಟು.

ಸೀಟು ಹೊಲಿದದ್ದು ನಾನೇ. ನಮ್ಮಪ್ಪ ಚಪ್ಪಲಿ ಹೊಲೀತಿದ್ರು. ಉಳಿ ಮುಟ್ಟಿದರೆ ಬೈಯೋರು, ‘ನೀನು ಪೆನ್ನು ಹಿಡಿ’ ಅನ್ನೋರು. ಅವರು ಮಾಡಿದ್ದು ಸರಿ. ಕುಲಕಸುಬನ್ನು ಕಲೆ ಅಂತ ಹೊಗಳಿ ನಮ್ಮನ್ನ ಅಲ್ಲೇ ಕೂರಿಸೋ ಮಾತಿಗೆ ನಾನು ತಲೆಬಾಗಲ್ಲ. ಜಾತಿ ಅನ್ನೋದು ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಅಂತ ಒಡೆಯೋದು ಅಂತ ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟಿದ್ದಾರೆ. ಆದರೆ ಹುಟ್ಟಿನ ಹೆಸರಲ್ಲಿ ಹೇರಿದ ಕೆಲಸ ಬೇರೆ, ನನ್ನ ಗಾಡಿಗೆ ನನ್ನಿಷ್ಟದಿಂದ ಮಾಡ್ಕೊಳ್ಳೋ ಕೆಲಸ ಬೇರೆ. ಓದಿದ ನಾವು ಕೈಗೆ ಗ್ರೀಸ್ ಹತ್ತಿದರೆ ಅವಮಾನ ಅಂದ್ಕೊಂಡರೆ ಅದೇ ಮೇಲು ಕೀಳನ್ನ ನಾವೂ ಒಪ್ಪಿದ ಹಾಗೆ.

ಯಾವುದಾದ್ರೂ ಸ್ಟೇಷನ್ ಅಂಗಳಕ್ಕೆ ಹೋಗಿ ನೋಡಿ. ಬಳ್ಳಿ ಹಬ್ಬಿ ನಿಂತಿರೋದು ಹೆಚ್ಚಾಗಿ ಹಳೇ ಬೈಕು, ಎಕ್ಸೆಲ್‌ಗಳೇ. ಗಾರೆ ಕೆಲಸದವರದ್ದು, ಹಾಲು ಹಾಕೋರದ್ದು. ಕೋರ್ಟಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತೆ, ಸ್ಟೇಷನ್‌ಗೆ ಹೋದರೆ ಮರ್ಯಾದೆ ಹೋಗುತ್ತೆ ಅಂತ ಎಷ್ಟೋ ಜನ ಬಿಟ್ಟೇ ಬಿಡ್ತಾರೆ. ಇದನ್ನ ಸಂಘಟನೆಗಳು ಚಿಲ್ಲರೆ ವಿಷಯ ಅಂತ ತಳ್ಳಬಾರದು. ಮುಂದಿನ ಅಧ್ಯಯನ ಶಿಬಿರದಲ್ಲಿ ಭಾಷಣ ಎರಡು ಕಮ್ಮಿ ಆಗಲಿ. ಬೆಳಿಗ್ಗೆ ಅರ್ಜಿ ಬರೆಯೋದು, ಮಧ್ಯಾಹ್ನ ಸ್ಪ್ಯಾನರ್ ಹಿಡಿಯೋದು ಕಲಿಯೋಣ. ಹೆಣ್ಣುಮಕ್ಕಳೂ ಬರಲಿ.

ನಿಮ್ಮ ಗಾಡಿ ಯಾವುದಾದರೂ ಠಾಣೆಯಲ್ಲಿ ನಿಂತಿದ್ದರೆ ಇನ್‌ಬಾಕ್ಸಿಗೆ ಬರೀರಿ, ಅರ್ಜಿ ಮಾದರಿ ಕಳಿಸ್ತೀನಿ. ಆರ್‌ಸಿ, ಆಧಾರ್ ಮಾತ್ರ ಕಾಮೆಂಟಲ್ಲಿ ಹಾಕಬೇಡಿ.

ಜೈಭೀಮ್.